ಮಾಯಮ್ಮ ಬರೆದ ಒಂದು ಕಾರ್ಡು

ಮಂಗಳವಾರ ಬೆಳಿಗ್ಗೆ ಮಾಯಮ್ಮನವರ ಕೈಗೆ ಒಂದು ಪಟ್ಟಿ ಬಂತು. ಹನ್ನೆರಡು ಸಂಖ್ಯೆಗಳು, ಪ್ರತಿಯೊಂದರ ಮುಂದೆ ತಾಯಿಯ ಹೆಸರು ಮತ್ತು ಊರು. ಆ ಸಂಖ್ಯೆಗಳ ಕಾರ್ಡುಗಳನ್ನು ತಂಪು ಕೋಣೆಯ ಕಪಾಟುಗಳಿಂದ ತೆಗೆದು ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ತಲುಪಿಸಬೇಕಿತ್ತು. ಇಪ್ಪತ್ತೈದು ವರ್ಷ ಅದೇ ಸಂಸ್ಥೆಯಲ್ಲಿ ದುಡಿದವರಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಹನ್ನೊಂದು ಕಾರ್ಡು ತೆಗೆದರು. ಹನ್ನೆರಡನೆಯ ಸಂಖ್ಯೆ ಓದಿದಾಗ ಕೈ ಕಪಾಟಿನ ಬಾಗಿಲ ಮೇಲೆಯೇ ನಿಂತುಬಿಟ್ಟಿತು.

೧೧೪೬. ದೊಡ್ಡಲಕ್ಷ್ಮಮ್ಮನ ಹೆಣ್ಣುಮಗು, ಕೈಲಾಂಚ. ಅದರ ಮುಂದೆ ಕೆಂಪು ಅಕ್ಷರದಲ್ಲಿ: ಪತ್ತೆಯಾಗಿಲ್ಲ, ಕೈಬಿಡಲಾಗಿದೆ.

ಪತ್ತೆಯಾಗುವುದು ಸಾಧ್ಯವೇ ಇರಲಿಲ್ಲ. ಕೈಲಾಂಚದ ದೊಡ್ಡಲಕ್ಷ್ಮಮ್ಮನಿಗೆ ಹೆಣ್ಣುಮಗು ಹುಟ್ಟಿಯೇ ಇಲ್ಲ. ಮಾಯಮ್ಮನವರಿಗೆ ಅದು ಗೊತ್ತಿತ್ತು. ಆ ಕಾರ್ಡಿನ ಮೇಲೆ ಸುಳ್ಳು ಹೆಸರು ಬರೆದವರು ಅವರೇ.

ಈಗ ಐದು ಮಹಡಿಯ ಕಟ್ಟಡದಲ್ಲಿರುವ ಈ ಜೀವವೈದ್ಯಕೀಯ ಸಂಶೋಧನಾ ವಿಶ್ವವಿದ್ಯಾಲಯವನ್ನು ಸುತ್ತಲಿನ ಹಳ್ಳಿಯವರು ಇವತ್ತಿಗೂ ‘ರಕ್ತದ ಕಾಲೇಜು’ ಎನ್ನುತ್ತಾರೆ. ಅದು ಶುರುವಾದದ್ದು ರಾಮನಗರದಿಂದ ಕೆಂಗಲ್ ಕಡೆ ಹೋಗುವ ರಸ್ತೆಯ ಬದಿಯಲ್ಲಿ, ಯಾರೋ ಬಿಟ್ಟುಹೋದ ಒಂದು ರೇಷ್ಮೆಗೂಡಿನ ಗೋದಾಮಿನಲ್ಲಿ. ಇಬ್ಬರು ಡಾಕ್ಟರು, ಒಂದು ಫ್ರಿಜ್ಜು, ನಾಲ್ಕು ಬೆಂಚು. ಗೂಡು ಬೇಯಿಸಿ ನೂಲು ತೆಗೆಯುವವರಿಗೆ ಹತ್ತುವ ಉಬ್ಬಸದ ಕಾರಣ ಹುಡುಕುವುದು ಅದರ ಮೊದಲ ಕೆಲಸವಾಗಿತ್ತು. ನೂಲು ತೆಗೆಯುವ ಮನೆಗಳ ಹೊಗೆಗೂಡು ಎತ್ತರವಾದದ್ದು, ಕಿಟಕಿಗಳು ಎದುರುಬದುರು ಬಂದದ್ದು ಆ ಅಧ್ಯಯನದ ನಂತರ. ಗೋದಾಮಿಗೆ ಸುಣ್ಣ ಬಳಿದು ವರ್ಷವಾದರೂ ಸತ್ತ ಹುಳುವಿನ ವಾಸನೆ ಹೋಗಿರಲಿಲ್ಲ. ಅದನ್ನು ದಿನಾ ತೊಳೆದು ಗುಡಿಸಲು ಬಂದವರು ಮಾಯಮ್ಮ. ಮಾಗಡಿ ಕಡೆಯ ಹೆಣ್ಣು, ಕೈಲಾಂಚ ಹೋಬಳಿಯ ಸೊಸೆ, ಏಳನೆಯ ತರಗತಿವರೆಗೆ ಓದಿದವರು, ಆಗ ಮೂವತ್ತಮೂರು ವರ್ಷ.

ಎರಡನೆಯ ವರ್ಷ ಆ ಇಬ್ಬರು ಡಾಕ್ಟರಲ್ಲಿ ಒಬ್ಬರಾದ ಯೋಗಾನಂದ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಯಿಂದ ಐದು ತೊಟ್ಟು ರಕ್ತವನ್ನು ದಪ್ಪ ಕಾಗದದ ಕಾರ್ಡಿಗೆ ಹಿಡಿದು, ಒಣಗಿಸಿ, ಇಟ್ಟುಕೊಳ್ಳುವುದು. ಆ ಮಕ್ಕಳು ಬೆಳೆದಂತೆ ಅವರ ಕಾಯಿಲೆ, ಆರೋಗ್ಯ ಎರಡನ್ನೂ ಆ ಒಣಗಿದ ತೊಟ್ಟುಗಳ ಜೊತೆ ಇಟ್ಟು ನೋಡುವುದು. ನರ್ಸುಗಳು ಹೋದರೆ ಬಾಣಂತಿಯರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುಡಿಸುವ ಮಾಯಮ್ಮ ಹೋದರೆ ಬಾಗಿಲು ತೆರೆಯುತ್ತಿತ್ತು. ಹಾಗಾಗಿ ಅವರಿಗೇ ಚುಚ್ಚುವುದು ಕಲಿಸಿದರು. ಅವರು ಮೊದಲು ಮಗುವಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಆಮೇಲೆ ಒಂದೇ ಚುಚ್ಚು. ಹಿಂಡುತ್ತಿರಲಿಲ್ಲ. ತೊಟ್ಟು ತಾನಾಗಿ ತುಂಬಿ ಬೀಳುವವರೆಗೆ ಕಾಯುತ್ತಿದ್ದರು.

ಕಾರ್ಡು ಒಣಗಿಸುವ ದಾರಿಯನ್ನೂ ಅವರೇ ಹೇಳಿಕೊಟ್ಟರು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದು ಗೋದಾಮಿನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೊಳೆದು, ಅದರ ಸುತ್ತಿನಲ್ಲಿ ಕಾರ್ಡುಗಳನ್ನು ಸಿಕ್ಕಿಸಿ ನೆರಳಲ್ಲಿಟ್ಟರು. ಹುಳುಮನೆಯಲ್ಲಿ ಮಾಡುವಂತೆಯೇ ಬೆಂಚಿನ ನಾಲ್ಕು ಕಾಲಿಗೂ ನೀರಿನ ಬಟ್ಟಲಿಟ್ಟರು, ಇರುವೆ ಹತ್ತದಂತೆ. ಬೆಂಗಳೂರಿನಿಂದ ಬಂದವರು ಅದರ ಫೋಟೋ ತೆಗೆದುಕೊಂಡು ಹೋದರು. ಹನ್ನೆರಡು ವರ್ಷಗಳಲ್ಲಿ ಮೂರು ಸಾವಿರದ ಇನ್ನೂರು ಕಾರ್ಡುಗಳಾದವು. ವಿಶ್ವವಿದ್ಯಾಲಯದ ಹೆಸರು ದೂರದ ದೇಶಗಳಿಗೆ ಹೋದದ್ದು ಆ ಕಾರ್ಡುಗಳಿಂದ. ಈಗ ಶುಕ್ರವಾರ ಬೆಳ್ಳಿಹಬ್ಬ. ಕಾರ್ಯಕ್ರಮದ ಪುಸ್ತಕದಲ್ಲಿ ಮಾಯಮ್ಮನವರ ಫೋಟೋ, ಕೆಳಗೆ ಒಂದು ಸಾಲು: ಒಂದೂ ತಪ್ಪಿಲ್ಲದ ಮೂರು ಸಾವಿರದ ಇನ್ನೂರು ಕಾರ್ಡುಗಳ ತಾಯಿ.

ಆ ಪುಸ್ತಕ ಅಚ್ಚಾಗಿ ಬಂದು ನಾಲ್ಕು ದಿನವಾಗಿತ್ತು.

ಕೈಲಾಂಚದಲ್ಲಿ ಗಂಗಹನುಮಯ್ಯನ ಹೆಂಡತಿ ಚಿಕ್ಕತಾಯಮ್ಮ ಮೂರು ಮಕ್ಕಳನ್ನು ಹೆತ್ತು ಮೂರನ್ನೂ ಕಳೆದುಕೊಂಡಿದ್ದರು. ಮೊದಲನೆಯದು ನಾಲ್ಕನೆಯ ದಿನ, ಎರಡನೆಯದು ಆರನೆಯ ದಿನ, ಮೂರನೆಯದು ಐದನೆಯ ದಿನ. ಹುಟ್ಟುವಾಗ ದುಂಡು ದುಂಡಾಗಿದ್ದ ಮಕ್ಕಳು. ಇದ್ದಕ್ಕಿದ್ದಂತೆ ಹಾಲು ಬಿಡುತ್ತಿದ್ದವು, ಮಂಪರು ಕವಿಯುತ್ತಿತ್ತು, ಉಸಿರು ಏರಿ ತೀರಿಹೋಗುತ್ತಿದ್ದವು. ಇಪ್ಪತ್ತೆರಡು ವರ್ಷದ ಹಿಂದೆ ನಾಲ್ಕನೆಯದು ಹೆಣ್ಣು ಹುಟ್ಟಿತು. ಈ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮಗುವನ್ನು ಮೊರದಲ್ಲಿ ಮಲಗಿಸಿ ಹಿತ್ತಿಲ ಬಾಗಿಲಿನಿಂದ ದಾಟಿಸಿ ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮನಿಗೆ ಮಾರಿದರು. ಬೆಲೆ ಒಂದು ಸೇರು ತೌಡು. ಮಗು ತೌಡಿಗೆ ಹೋಗುವಷ್ಟು ಅಗ್ಗದ್ದು ಎಂದು ಗೊತ್ತಾದರೆ, ಈ ತಾಯಿಯದಲ್ಲ ಎಂದು ಗೊತ್ತಾದರೆ, ಹುಡುಕಿ ಬರುವ ಸಾವು ದಾರಿ ತಪ್ಪಿ ಹೋಗುತ್ತದೆ ಎಂಬ ನಂಬಿಕೆ.

ಮೂರನೆಯ ದಿನ ಮಾಯಮ್ಮ ಪೆಟ್ಟಿಗೆ ಹಿಡಿದು ಹೋದಾಗ ಚಿಕ್ಕತಾಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮಗು ಪಕ್ಕದಲ್ಲೇ ಇತ್ತು, ಮಾರಿದ ಮೇಲೂ ಅವರ ಹಾಲನ್ನೇ ಕುಡಿಯುತ್ತಿತ್ತು. ಕಾರ್ಡಿಗೆ ಹೆತ್ತವರ ಹೆಸರು ಬೇಕು ಎಂದು ಮಾಯಮ್ಮ ಹೇಳಿದರು. ಚಿಕ್ಕತಾಯಮ್ಮ ಎದ್ದು ಅವರ ಕಾಲು ಹಿಡಿದುಕೊಂಡರು.

“ನಂದಲ್ಲ ಕಣಕ್ಕ ಅದು. ದೊಡ್ಡಲಕ್ಷ್ಮಮ್ಮಂದು. ನನ್ ಹೆಸ್ರು ಬರದ್ಬುಟ್ರೆ ಗುರ್ತು ಸಿಕ್ಕೋಯ್ತದೆ.”

ಮಾಯಮ್ಮ ಬರೆದರು. ಹತ್ತು ದಿನ ಕಳೆಯಲಿ, ಆಮೇಲೆ ತಿದ್ದಿದರಾಯಿತು ಎಂದುಕೊಂಡರು. ಹತ್ತು ದಿನ ಕಳೆಯಿತು, ಮಗು ಉಳಿಯಿತು. ತಿಂಗಳಾಯಿತು, ಮಗು ಉಳಿಯಿತು. ತಿದ್ದಲು ಪೆನ್ನು ತೆಗೆದಾಗಲೆಲ್ಲ ಮಾಯಮ್ಮ ಮತ್ತೆ ಮುಚ್ಚಳ ಹಾಕಿ ಇಟ್ಟುಬಿಡುತ್ತಿದ್ದರು. ತಾನು ಬರೆದ ಮರುದಿನವೇ ಏನಾದರೂ ಆದರೆ? ವಿಜ್ಞಾನದ ಮನೆಯಲ್ಲಿ ಕೆಲಸ ಮಾಡುವವರಿಗೂ ಆ ಭಯ ಇತ್ತು. ಕಾರ್ಡು ಹಾಗೇ ಕಪಾಟಿಗೆ ಹೋಯಿತು.

ಆ ಮಗು ಧನುಶ್ರೀ. ದೊಡ್ಡಲಕ್ಷ್ಮಮ್ಮನನ್ನು ‘ಅವ್ವ’ ಎಂದು, ಹೆತ್ತ ತಾಯಿಯನ್ನು ‘ಅಕ್ಕ’ ಎಂದು ಕರೆಯುತ್ತ ಬೆಳೆದಳು. ಶಾಲೆಗೆ ಸೇರಿಸುವಾಗ ಗಂಗಹನುಮಯ್ಯ ತನ್ನ ಹೆಸರು ಬರೆಸಿದ. ಆದರೆ ಚಿಕ್ಕತಾಯಮ್ಮನ ಬಾಯಲ್ಲಿ ‘ನನ್ನ ಮಗಳು’ ಎಂಬ ಮಾತು ಯಾರೂ ಕೇಳಲಿಲ್ಲ. ಮದುವೆಯಲ್ಲಿ ಧಾರೆ ಎರೆದವರೂ ದೊಡ್ಡಲಕ್ಷ್ಮಮ್ಮ ದಂಪತಿಗಳೇ. ಗಂಡ ಅನಂತರಾಜು, ಉಯ್ಯಂಬಳ್ಳಿಯವನು, ಚಿಕ್ಕತಾಯಮ್ಮನ ಕೊನೆಯ ತಮ್ಮ. ಅಂದರೆ ಧನುಶ್ರೀಯ ಸೋದರಮಾವ. ಈಗ ಅವಳು ಚೊಚ್ಚಲ ಹೆರಿಗೆಗೆ ಕೈಲಾಂಚಕ್ಕೆ ಬಂದಿದ್ದಳು. ಒಂಬತ್ತು ತಿಂಗಳು ತುಂಬಿತ್ತು.

ಹನ್ನೆರಡು ಹೆಸರುಗಳ ಪಟ್ಟಿ ಏನೆಂಬುದು ಮಾಯಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ರಾಮನಗರದ ನೂಲು ತೆಗೆಯುವವರ ಮನೆಯ ಹುಡುಗಿ ಕೆಹಕಶಾನ್, ಈಗ ಈ ವಿಶ್ವವಿದ್ಯಾಲಯದಲ್ಲೇ ವಿಜ್ಞಾನಿ, ನಾಲ್ಕು ವರ್ಷ ಕೂತು ಕಂಡುಹಿಡಿದದ್ದು ಅದು. ಕೆಲವು ಮನೆತನಗಳಲ್ಲಿ ಮಕ್ಕಳು ಮೊದಲ ವಾರದಲ್ಲೇ ಹೋಗುವುದಕ್ಕೆ ಕಾರಣ ರಕ್ತದಲ್ಲೇ ಬರುವ ಒಂದು ಕೊರತೆ. ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಮಗುವಿಗೆ ಅಪಾಯ, ಒಬ್ಬರಿಂದ ಬಂದರೆ ಏನೂ ಆಗುವುದಿಲ್ಲ. ಮದ್ದು ಒಂದು ವಿಟಮಿನ್ ಗುಳಿಗೆ, ಹಾಲಲ್ಲಿ ಕರಗಿಸಿ ಕುಡಿಸುವಂಥದ್ದು. ಆದರೆ ಹುಟ್ಟಿದ ದಿನದಿಂದಲೇ ಹಾಕಬೇಕು, ಮಂಪರು ಕವಿದ ಮೇಲೆ ಮಗು ಕೈಗೆ ಸಿಗುವುದು ಕಷ್ಟ. ಹಳೆಯ ಕಾರ್ಡುಗಳನ್ನು ಪರೀಕ್ಷಿಸಿದಾಗ ಆ ಕೊರತೆಯ ಅರ್ಧ ಪಾಲು ಹೊತ್ತ ಹನ್ನೆರಡು ಜನ ಸಿಕ್ಕಿದ್ದರು. ಈಗ ಮದುವೆಯ ವಯಸ್ಸಿನವರು. ಹನ್ನೊಂದು ಜನರಿಗೆ ವಿಷಯ ತಿಳಿಸಿ ಆಗಿತ್ತು. ಬೆಳ್ಳಿಹಬ್ಬದಲ್ಲಿ ಘೋಷಿಸಬೇಕಾಗಿದ್ದ ಸಾಧನೆ ಅದೇ.

ಮಧ್ಯಾಹ್ನ ಮೆಟ್ಟಿಲ ಬಳಿ ಕೆಹಕಶಾನ್ ಸಿಕ್ಕಾಗ ಮಾಯಮ್ಮ, ಯಾರದೋ ಮಾತು ಎಂಬಂತೆ, ಆ ಗುಳಿಗೆ ಹೊರಗೆ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಅಷ್ಟು ಶಕ್ತಿಯದು ಸಿಗುವುದಿಲ್ಲ, ಬೆಂಗಳೂರಿನಿಂದ ರೋಗಿಯ ಹೆಸರಿಗೇ ತರಿಸಬೇಕು, ಎರಡು ದಿನ ಹಿಡಿಯುತ್ತದೆ, ಮಗುವಿನ ರಕ್ತ ನೋಡುತ್ತ ನೋಡುತ್ತ ಹಾಕಬೇಕು ಎಂದರು ಕೆಹಕಶಾನ್. ಪಟ್ಟಿಯಲ್ಲಿಲ್ಲದವರಿಗೆ ಹೇಗೆ ಕೊಡುವುದು ಎಂದು ನಕ್ಕರು ಕೂಡ. ಸುಳ್ಳು ಹೊರಗೆ ಬಾರದಂತೆ ಗುಳಿಗೆ ತರುವ ದಾರಿ ಅಲ್ಲಿಗೆ ಮುಚ್ಚಿತು.

ಮಾಯಮ್ಮ ಅರ್ಧ ದಿನ ರಜೆ ಹಾಕಿ ಕೈಲಾಂಚದ ಬಸ್ಸು ಹತ್ತಿದರು.

ದೊಡ್ಡಲಕ್ಷ್ಮಮ್ಮ ಹಸುವಿಗೆ ತೌಡು ಕಲೆಸುತ್ತಿದ್ದರು. ಹೋದ ತಿಂಗಳು ಮಗಳನ್ನು ಕೇಳಿಕೊಂಡು ಯಾರಾದರೂ ಬಂದಿದ್ದರೇ ಎಂದು ಕೇಳಿದ್ದಕ್ಕೆ, ಬಂದಿದ್ದವು ಎರಡು ಐಕಳು, ಕೈಯಲ್ಲಿ ಫೋನಿನಂಥದ್ದು ಹಿಡಿದುಕೊಂಡು ಎಂದರು. “ನಿಮ್ ಮಗಳೆಲ್ಲಿ ಅಂದೋ. ರೇಷನ್ ಕಾರ್ಡ್‌ನಾಗೆ ಹೆಸ್ರು ತಗಿಯಾಕ್ ಬಂದವೆ ಅನ್ಕಂಡೆ. ನಂಗೆ ಎಲ್ಡೂ ಗಂಡೇ ಕಣ್ರಪ್ಪ, ಬೇಕಾದ್ರೆ ಒಂದ ಕರ್ಕೊಂಡೋಗಿ, ಉಣ್ಣಾಕಿಕ್ಕಿ ಸಾಕಾಗೈತೆ ಅಂದೆ. ಹೊಂಟೋದೋ.”

ಮಾಯಮ್ಮನವರಿಗೆ ನಗು ಬರಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಧನುಶ್ರೀ ಕಾಲು ಚಾಚಿ ಕೂತಿದ್ದಳು, ಪಾದಗಳು ಊದಿದ್ದವು. ಚಿಕ್ಕತಾಯಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದರು. ಮೂರು ಮಕ್ಕಳು ಯಾಕೆ ಹೋದವು ಎಂದು ಹೇಳಿದರು. ಮಗಳು ಉಳಿದದ್ದು ತೌಡಿನಿಂದಲ್ಲ, ಎರಡು ಕಡೆಯ ಕೊರತೆ ಅವಳಿಗೆ ಬಾರದ್ದರಿಂದ; ಆದರೆ ಒಂದು ಕಡೆಯದು ಅವಳಲ್ಲಿದೆ, ತಮ್ಮ ಅನಂತರಾಜುವಿನಲ್ಲೂ ಇರಬಹುದು ಎಂದೂ ಹೇಳಿದರು.

ಚಿಕ್ಕತಾಯಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚಿ ಪೂರ್ತಿ ಹರಡಿದರು. ಕೊನೆಗೆ ತಲೆ ಎತ್ತದೆ, ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದನ್ನು ಹೆರಿಗೆಯ ಹೊತ್ತಲ್ಲಿ ಕೂಗಿ ಹೇಳು ಅಂತೀಯಲ್ಲ, ನಿನಗೆ ಕರುಣೆ ಇಲ್ಲವಾ ಎಂದರು.

“ಇವತ್ತು ನಾನ್ ಬಾಯ್ಬುಟ್ಟು, ನಾಳೆ ಅವುಳ್ಗೇನಾರ ಆದ್ರೆ? ನೀನ್ ತಂದ್ಕೊಡ್ತೀಯಾ?”

ಮಾಯಮ್ಮ ಎದ್ದು ಬಸ್ಸಿಗೆ ಹೊರಟರು. ವಾಪಸು ಬಸ್ಸಿನಲ್ಲಿ ಅವರಿಗೆ ಒಂದೇ ಲೆಕ್ಕ: ಹೆರಿಗೆಗೆ ಡಾಕ್ಟರು ಕೊಟ್ಟ ತಾರೀಖು ಭಾನುವಾರ. ಗುಳಿಗೆ ಬರಲು ಎರಡು ದಿನ. ಕಾರ್ಡು ಸುಳ್ಳು ಎಂದು ಹೇಳಿದರೆ ಒಂದು ಕಾರ್ಡಿಗೆ ನಿಲ್ಲುವುದಿಲ್ಲ. ಒಂದು ಬರೆದವಳು ಎಷ್ಟು ಬರೆದಳೋ ಎನ್ನುತ್ತಾರೆ. ಮೂರು ಸಾವಿರದ ಇನ್ನೂರೂ ಅನುಮಾನಕ್ಕೆ ಬೀಳುತ್ತವೆ, ಕೆಹಕಶಾನ್ ಅವರ ನಾಲ್ಕು ವರ್ಷವೂ, ಯೋಗಾನಂದರ ಇಡೀ ಜೀವಮಾನವೂ.

ಬುಧವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಅವರು ಹೊರಗೆ ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ೧೧೪೬ನ್ನು ಮೇಜಿನ ಮೇಲಿಟ್ಟರು.

“ಡಾಕ್ಟ್ರಮ್ಮ, ಇದು ಸುಳ್ಳು ಕಾರ್ಡು. ನಾನೇ ಬರದಿದ್ದು.”

ಕೆಹಕಶಾನ್ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು.

“ಇನ್ನೆಷ್ಟಿದೆ, ಮಾಯಕ್ಕ?”

“ಇದೊಂದೇ.”

“ಇದನ್ನ ನಾನು ಹೇಗೆ ನಂಬಲಿ?”

ಮಾಯಮ್ಮ ನೆಲ ನೋಡಿದರು. ನಂಬಬೇಡಿ, ಎಲ್ಲವನ್ನೂ ನೋಡಿ, ಆದರೆ ಅದಕ್ಕೆ ಮುಂಚೆ ಗುಳಿಗೆ ತರಿಸಿ ಎಂದರು.

ಕೆಹಕಶಾನ್ ಅವರನ್ನು ಈಗ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಯೋಗಾನಂದರ ಕೋಣೆಗೆ ಕರೆದೊಯ್ದರು. ಯೋಗಾನಂದರು ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಒಂದು ಬಿಳಿ ಹಾಳೆ ಮುಂದೆ ತಳ್ಳಿ, ಆದದ್ದನ್ನೆಲ್ಲ ಬರೆದು ಸಹಿ ಮಾಡಿ ಎಂದರು. ಮಾಯಮ್ಮ ಬರೆಯುವಾಗ ಅವರು ಕಿಟಕಿ ಕಡೆ ತಿರುಗಿ ನಿಂತರು. ಕೆಳಗೆ ಶಾಮಿಯಾನ ಹಾಕುತ್ತಿದ್ದರು. ಓದಿ ಮುಗಿಸಿದ ಮೇಲೆ ಎರಡು ಫೋನು ಮಾಡಿದರು. ಮೊದಲನೆಯದು ಬೆಂಗಳೂರಿಗೆ, ಗುಳಿಗೆಗಾಗಿ. ಎರಡನೆಯದು ಸಮಾರಂಭದ ಸಮಿತಿಗೆ: ಮಾಯಮ್ಮನ ಸನ್ಮಾನ ಇಲ್ಲ, ಹನ್ನೆರಡು ಮನೆತನಗಳ ಘೋಷಣೆಯೂ ಈಗ ಇಲ್ಲ, ಕಾರ್ಡುಗಳನ್ನು ಮೊದಲಿನಿಂದ ತಾಳೆ ನೋಡಬೇಕು. ಇನ್ನು ಮುಂದೆ ಕಾರ್ಡಿನ ಮೇಲೆ ನೀವು ಬರೆಯುವಂತಿಲ್ಲ ಎಂದು ಮಾಯಮ್ಮನಿಗೆ ಹೇಳಿದರು. ಹಾಳೆಯನ್ನು ಮಡಿಸಿಟ್ಟು, ಚುಚ್ಚುವುದಕ್ಕೆ ಬೇಕಾದರೆ ಕರೆಯುತ್ತೇವೆ ಎಂದರು.

ಕಾರ್ಡಿನ ರಕ್ತ ಧನುಶ್ರೀಯದೇ ಎಂದು ಗೊತ್ತಾಗಬೇಕಾದರೆ ಅವಳ ರಕ್ತ ಬೇಕಿತ್ತು, ಹೆತ್ತ ತಾಯಿಯ ಹೇಳಿಕೆ ಬೇಕಿತ್ತು. ಗುರುವಾರ ಕೆಹಕಶಾನ್ ಮತ್ತು ಮಾಯಮ್ಮ ಕೈಲಾಂಚಕ್ಕೆ ಹೋದರು. ದೊಡ್ಡಲಕ್ಷ್ಮಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತರು. ಕೆಹಕಶಾನ್ ಧನುಶ್ರೀಗೆ ಎಲ್ಲ ಬಿಡಿಸಿ ಹೇಳಿದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ರಕ್ತ ಕೊಡಲು ತೋಳು ಚಾಚಿದಳು. ಆಮೇಲೆ ಹಾಳೆ ತೆಗೆದು ಕೆಹಕಶಾನ್, ಇವಳ ತಾಯಿ ಯಾರು ಎಂದು ಕೇಳಿದರು.

ಹೊರಗೆ ಯಾರೋ ಬೈಕು ನಿಲ್ಲಿಸಿ ಹಾಲಿನ ಕ್ಯಾನು ಇಳಿಸುವ ಸದ್ದು. ದೊಡ್ಡಲಕ್ಷ್ಮಮ್ಮ ಬಾಯಿ ತೆರೆದು, ಚಿಕ್ಕತಾಯಮ್ಮನ ಮುಖ ನೋಡಿ, ಮುಚ್ಚಿಕೊಂಡರು. ಗಂಗಹನುಮಯ್ಯ ಎದ್ದು ಅಂಗಳಕ್ಕೆ ಹೋದ.

“ಹೇಳಕ್ಕ,” ಎಂದಳು ಧನುಶ್ರೀ. “ನಂಗಲ್ಲ. ಇದುಕ್ಕೆ.” ಹೊಟ್ಟೆ ತೋರಿಸಿದಳು.

ಚಿಕ್ಕತಾಯಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅದರ ಹಿಂದಿನಿಂದ ಮಾತು ಬಂತು.

“ನಾನ್ ಹೆತ್ತಿದ್ದು. ನಾಕ್ನೇದು.”

ಹೆಬ್ಬೆಟ್ಟು ಒತ್ತಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಶುಕ್ರವಾರ ಬೆಳ್ಳಿಹಬ್ಬದ ಭಾಷಣಗಳು ಮೈಕಿನಲ್ಲಿ ನಡೆಯುತ್ತಿದ್ದಾಗ ಧನುಶ್ರೀಗೆ ನೋವು ಬಂತು, ಎರಡು ದಿನ ಮೊದಲೇ. ರಾಮನಗರದ ಆಸ್ಪತ್ರೆಗೆ ಸೇರಿಸಿದರು. ಬೆಂಗಳೂರಿನ ಪೊಟ್ಟಣ ಮಧ್ಯಾಹ್ನ ಎರಡಕ್ಕೆ ತಲುಪಿತು, ಮಗು ನಾಲ್ಕಕ್ಕೆ ಹುಟ್ಟಿತು. ಗಂಡು. ಫಲಿತಾಂಶಕ್ಕೆ ಕಾಯದೆ ಗುಳಿಗೆ ಶುರು ಮಾಡಿದರು. ಚುಚ್ಚಲು ಕರೆಸಿದ್ದ ಮಾಯಮ್ಮ ಮಗುವಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿದರು. ಒಂದೇ ಚುಚ್ಚಿಗೆ ತೊಟ್ಟು ತುಂಬಿತು. ಕಾರ್ಡಿನ ಮೇಲೆ ಬರೆದವರು ಕೆಹಕಶಾನ್.

ಶನಿವಾರ ಎರಡು ಉತ್ತರ ಬಂದವು. ೧೧೪೬ರ ರಕ್ತ ಧನುಶ್ರೀಯದೇ. ಮಗುವಿಗೆ ಎರಡು ಕಡೆಯ ಕೊರತೆಯೂ ಬಂದಿದೆ.

ಮೂರನೆಯ ದಿನ ಮಗು ಹಾಲು ಬಿಟ್ಟಿತು. ಚಿಕ್ಕತಾಯಮ್ಮ ಅದರ ಮುಖ ನೋಡಿದವರೇ ಎದ್ದು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತರು. ಅವರು ಆ ಮಂಪರನ್ನು ಮೂರು ಸಲ ನೋಡಿದ್ದರು. ಕೆಹಕಶಾನ್ ಮತ್ತು ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಗುಳಿಗೆಯ ಪ್ರಮಾಣ ಏರಿಸಿದರು, ಸಣ್ಣ ನಳಿಕೆಯಲ್ಲಿ ಹನಿಸಿದರು. ನಾಲ್ಕನೆಯ ದಿನವೂ ಮಂಪರು ಇಳಿಯಲಿಲ್ಲ. ಮಾಯಮ್ಮ ಬೆಂಚಿನ ಮೇಲೆ ಕೂತು ಮಗುವಿನ ಎದೆ ಏಳುವುದನ್ನು, ಇಳಿಯುವುದನ್ನು ನೋಡುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಮಗು ಬಾಯಿ ಆಡಿಸಿತು. ಆರನೆಯ ದಿನ ಹಸಿದು ಅತ್ತಿತು. ವಾರ್ಡಿನಲ್ಲಿದ್ದ ಬೇರೆ ಬಾಣಂತಿಯರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತಿತು.

ಮನೆಗೆ ಕಳಿಸುವ ದಿನ ಚಿಕ್ಕತಾಯಮ್ಮ ಒಂದು ಹೊಸ ಮೊರ ತಂದಿದ್ದರು. ಆಸ್ಪತ್ರೆಯ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ, ಅದರಲ್ಲಿ ಮಗುವನ್ನು ಮಲಗಿಸಿ ಮಾಯಮ್ಮನ ಮುಂದೆ ಹಿಡಿದರು. ಮಗುವನ್ನು ನೀನೇ ಕೊಂಡುಕೋ ಎಂದರು. ಗುಳಿಗೆ ನಂಬಿಲ್ಲ ಅಂತಲ್ಲ, ಆದರೂ ಇರಲಿ ಎಂದರು.

ಮಾಯಮ್ಮ ಬಸ್‌ಸ್ಟ್ಯಾಂಡಿನ ಬಳಿಯ ದನದ ಮೇವಿನ ಅಂಗಡಿಗೆ ಹೋಗಿ ಒಂದು ಸೇರು ತೌಡು ಅಳೆಸಿ ತಂದರು. ಚಿಕ್ಕತಾಯಮ್ಮನ ಮಡಿಲಿಗೆ ಸುರಿದು, ಮೊರದಲ್ಲಿದ್ದ ಮಗುವನ್ನು ಎತ್ತಿಕೊಂಡರು.

“ಕಾರ್ಡ್‌ನಾಗೆ ಇವ್ನು ಧನುಶ್ರೀ ಮಗ. ಅದುನ್ನ ಯಾರೂ ಮುಟ್ಟಂಗಿಲ್ಲ,” ಎಂದರು. “ಆದ್ರೆ ಕೊಂಡ್ಕೊಂಡೋಳು ನಾನು. ಗುಳಿಗೆ ಹಾಕ್ದಾ ಅಂತ ದಿನಾ ಕೇಳ್ತೀನಿ. ಒಂದಿನ ತಪ್ಸಿದ್ರೆ ಬಂದು ಎತ್ಕೊಂಡೋಗ್ಬುಡ್ತೀನಿ ಕಣಮ್ಮಿ.”

ಕಾರ್ಡುಗಳ ತಾಳೆ ಇನ್ನೂ ನಡೆಯುತ್ತಿದೆ. ಒಂಬೈನೂರು ಮುಗಿದಿವೆ, ತಪ್ಪು ಸಿಕ್ಕಿಲ್ಲ. ಮಾಯಮ್ಮ ನಿವೃತ್ತರಾದರು, ಶಾಲು ಹೊದಿಸುವವರು ಯಾರೂ ಇರಲಿಲ್ಲ. ಕೈಲಾಂಚದ ಆ ಮನೆಯ ಫೋನು ಮಾತ್ರ ದಿನವೂ ಬೆಳಿಗ್ಗೆ ಎಂಟಕ್ಕೆ ಹೊಡೆದುಕೊಳ್ಳುತ್ತದೆ. ಧನುಶ್ರೀ ಫೋನೆತ್ತಿ, ಆ ಕಡೆಯವರು ಕೇಳುವ ಮೊದಲೇ, ಹಾಕಿದೆ ಎನ್ನುತ್ತಾಳೆ.